ದಾರಿ ಬಿಡು, ಇಲ್ಲಾ ಹಲ್ಲು ಬಿಡು

ಲವೆಲ್ ಪ್ಯೂರಿಫಾಯ್‌ಗೂ ಡೆಸ್ಮಾರ್ ಗೋಲ್ಸ್ಟನ್‌ಗೂ ಗೆಳೆತನ ಕುದುರಿದ್ದು ಒಂದು ಗುದ್ದಿನಿಂದ.

ಲವೆಲ್‌ನ ದೊಡ್ಡಮ್ಮ ಕ್ಲಿಯೋರಾ ಅಮೆರಿಕದ ಮೆಂಫಿಸ್ ನಗರದ ಆರೆಂಜ್ ಮೌಂಡ್ ಬಡಾವಣೆಯಲ್ಲಿ ಹೆಂಗಸರ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಮುಂದಿನ ಕೋಣೆಯಲ್ಲಿ ಕೂದಲು ನೇರ ಮಾಡುವ ಬಿಸಿ ಬಾಚಣಿಗೆಯ ಹೊಗೆ, ಹೆಂಗಸರ ಹರಟೆ. ಹಿಂದಿನ ಕೋಣೆಯಲ್ಲಿ ಲವೆಲ್‌ನ ಡ್ರಮ್ ಮಶೀನು, ಕ್ಯಾಸೆಟ್ ಹಾಕುವ ರೆಕಾರ್ಡರು, ಒಡಕಲು ಸ್ಪೀಕರುಗಳು. ಬಟ್ಟೆ ತೂಗುಹಾಕುವ ಗೂಡಿನ ಒಳಗೋಡೆಗೆಲ್ಲ ಹಳೆಯ ಕೌದಿ ಹೊಡೆದು, ಹಾಡುವವರು ನಿಲ್ಲಲು ಜಾಗ ಮಾಡಿಕೊಂಡಿದ್ದ. ಅವನ ಅಪ್ಪ ಚರ್ಚಿನಲ್ಲಿ ಡ್ರಮ್ ಬಾರಿಸುತ್ತಿದ್ದ, ಮನೆಗೆ ಬಂದು ಮಗನನ್ನು ಬಾರಿಸುತ್ತಿದ್ದ. ಹುಡುಗ ಎರಡನ್ನೂ ಕಲಿತಾನು ಎಂಬ ಭಯಕ್ಕೆ ಕ್ಲಿಯೋರಾ ಅವನನ್ನು ಕರೆತಂದು ತನ್ನ ಬಳಿ ಇಟ್ಟುಕೊಂಡಿದ್ದಳು. ಅವನು ಕಲಿತದ್ದು ಡ್ರಮ್ಮು. ಏಟನ್ನು ಮಾತ್ರ ಮೈಯಲ್ಲೇ ಇಟ್ಟುಕೊಂಡಿದ್ದ.

1994ರ ಬೇಸಿಗೆಯಲ್ಲಿ ಡೆಸ್ಮಾರ್ ಆ ಕೋಣೆಗೆ ಬಂದ. ಮಾಂಸದ ಗೋದಾಮಿನಲ್ಲಿ ಹಂದಿಯ ತೊಡೆ ಹೊರುವ ಆಳು, ಬಾಗಿಲು ತುಂಬುವ ಮೈ. ರ್ಯಾಪ್ ಹೇಳಬೇಕೆಂಬ ಹುಚ್ಚು. ಲವೆಲ್ ಬೀಟು ಹಾಕಿದ, ಡೆಸ್ಮಾರ್ ಕೌದಿಯ ಗೂಡಿನಲ್ಲಿ ನಿಂತು ಬಾಯಿ ಬಿಟ್ಟ. ಎರಡು ಸಾಲು ಆಗುವಷ್ಟರಲ್ಲಿ ಲವೆಲ್ ಮಶೀನು ನಿಲ್ಲಿಸಿದ.

"ಬಸ್ ತಪ್ಪಿಸ್ಕೊಂಡ ಮುದುಕಿ ಥರ ಬೀಟಿನ ಹಿಂದೆ ಓಡ್ತಿದ್ದೀಯಲ್ಲೋ! ಹತ್ತೋ ಅದರ ಮೇಲೆ."

ಮುಂದಿನ ಕೋಣೆಯಲ್ಲಿ ಹೆಂಗಸರು ಗೊಳ್ಳೆಂದು ನಕ್ಕರು. ಡೆಸ್ಮಾರ್ ಗೂಡಿನಿಂದ ಹೊರಬಂದವನೇ ಲವೆಲ್‌ನ ಬಾಯಿಗೆ ಒಂದು ಗುದ್ದು ಕೊಟ್ಟ. ಮುಂದಿನ ಹಲ್ಲು ಡ್ರಮ್ ಮಶೀನಿನ ಮೇಲೆ ಬಿದ್ದು ಪುಟಿಯಿತು.

ಲವೆಲ್ ಟವಲಿಗೆ ರಕ್ತ ಉಗುಳಿದ. ಕಣ್ಣಲ್ಲಿ ನೀರು, ಆದರೆ ಬೆರಳು ಆಗಲೇ ಗುಂಡಿಯ ಮೇಲಿತ್ತು. "ಈಗ ಹೊಡೆದ್ಯಲ್ಲ, ಹಂಗೇ ಹೇಳು," ಎಂದ. "ಅದೇ ಸಿಟ್ಟಲ್ಲಿ, ಅದೇ ಜಾಗಕ್ಕೆ ಬೀಳ್ಬೇಕು ಮಾತು."

"ಏನ್ ಹೇಳ್ಲಿ?" ಡೆಸ್ಮಾರ್ ತಾನೇ ಹೊಡೆದ ಕೈಯನ್ನು ನೋಡಿಕೊಳ್ಳುತ್ತ ಕೇಳಿದ.

ಲವೆಲ್ ನಾಲಿಗೆಯಿಂದ ಹಲ್ಲಿನ ಸಂದು ತಡವಿದ. "ದಾರಿ ಬಿಡು, ಇಲ್ಲಾ ಹಲ್ಲು ಬಿಡು," ಎಂದ. "ಇಷ್ಟೇ ಹೇಳ್ತಾ ಹೋಗು."

ಬಿಸಿ ಬಾಚಣಿಗೆ ಹಿಡಿದುಕೊಂಡೇ ಕ್ಲಿಯೋರಾ ಬಾಗಿಲಿಗೆ ಬಂದಳು. "ನನ್ನಂಗಡೀಲಿ ರಕ್ತ ಚೆಲ್ಲಿದ್ದು ಯಾರೋ?"

"ನಂದೇ ರಕ್ತ, ದೊಡ್ಡಮ್ಮ."

"ನಿಂದಾದ್ರೆ ನೀನೇ ಒರೆಸು," ಎಂದು ಅವಳು ತಿರುಗಿ ಹೋದಳು. ಡೆಸ್ಮಾರ್ ತಾನೇ ಮಂಡಿಯೂರಿ ನೆಲ ಒರೆಸಿದ. ಸಂಜೆಯ ಹೊತ್ತಿಗೆ ಹಾಡು ಮುಗಿದಿತ್ತು.

ಆ ಹಾಡನ್ನು ಅವರು ಕಾರಿನ ಡಿಕ್ಕಿಯಲ್ಲಿಟ್ಟು ಮಾರಿದರು. ಪೆಟ್ರೋಲ್ ಬಂಕು, ಕ್ಷೌರದ ಅಂಗಡಿ, ಫುಟ್‌ಬಾಲ್ ಮೈದಾನದ ಹೊರಗೆ, ಎಲ್ಲಿ ಜನ ನಿಂತಿದ್ದರೆ ಅಲ್ಲಿ. ಮಾತು, ತಾಳ ಎರಡೂ ಲವೆಲ್‌ನದು. ಗಂಟಲು, ಮುಖ ಡೆಸ್ಮಾರ್‌ನದು. ಊರಲ್ಲಿ ಹೆಸರಾದದ್ದು ಡೆಸ್ಮಾರ್. ಲವೆಲ್‌ಗೆ ಅದರ ಬೇಸರವಿರಲಿಲ್ಲ. ಅವನ ಸುಖವೇ ಬೇರೆಯಾಗಿತ್ತು. ಕ್ಲಬ್ಬಿನ ಮೂಲೆಯಲ್ಲಿ ಬೆನ್ನು ಗೋಡೆಗೆ ಕೊಟ್ಟು ನಿಂತು ಜನರನ್ನು ನೋಡುತ್ತಿದ್ದ. ಹಾಡು ಶುರುವಾದರೆ ಮೊದಲು ಭುಜ ಅಲುಗುತ್ತಿದ್ದವು. ಆಮೇಲೆ ಮೊಣಕೈ ಏಳುತ್ತಿದ್ದವು. ಕೆಳದನಿಯ ದೊಡ್ಡ ಡ್ರಮ್ಮಿನ ಏಟು ಬೀಳುವ ಹೊತ್ತಿಗೆ ಸರಿಯಾಗಿ ಎಲ್ಲೋ ಒಂದು ಕುರ್ಚಿ ಹಾರುತ್ತಿತ್ತು. ಮೂಗು ಒಡೆದುಕೊಂಡವರು ಕೂಡ ನಗುತ್ತ ಹೊರಬಂದು, ಇನ್ನೊಮ್ಮೆ ಹಾಕು ಎನ್ನುತ್ತಿದ್ದರು. ಚಿಕ್ಕಂದಿನಿಂದ ಏಟು ತಿಂದ ಮೈ ಅವನದು. ಈಗ ಅವನು ಒಂದು ಗುಂಡಿ ಒತ್ತಿದರೆ ಕೋಣೆ ತುಂಬ ಮುಷ್ಟಿಗಳು ಮೇಲೇಳುತ್ತಿದ್ದವು, ಮತ್ತು ಅವುಗಳಲ್ಲಿ ಒಂದೂ ಅವನ ಮೇಲೆ ಬೀಳುತ್ತಿರಲಿಲ್ಲ.

ಕ್ಲಬ್ಬಿನವರು ಆ ಹಾಡನ್ನು ನಿಷೇಧಿಸಿದರು. ನಿಷೇಧದ ಸುದ್ದಿ ಕೇಳಿ ರೋಸ್ಕೋ ಟಿಮ್ಮನ್ಸ್ ಅವರನ್ನು ಹುಡುಕಿಕೊಂಡು ಬಂದ. ಕಾರು ತೊಳೆಯುವ ಅಂಗಡಿಗಳ ಮಾಲೀಕ, ರೇಷ್ಮೆ ಅಂಗಿ, ಮೆಲುಮಾತು. ಅವನ ಹಿಂದೆ ಸದಾ ಇಬ್ಬರು ದಾಂಡಿಗರು. ಹಾಡಿನ ಕಂಪನಿ ಶುರುಮಾಡಿದ್ದೇನೆ ಎಂದ.

"ಬೇರೆಯವರ ಹಾಡಿಗೆ ಜನ ಕುಣೀತಾರೆ. ನಿಮ್ಮ ಹಾಡಿಗೆ ಬಡಿದಾಡ್ತಾರೆ," ಎಂದ ರೋಸ್ಕೋ. "ಕುಣಿಯೋದು ಮರ್ತುಹೋಗುತ್ತೆ ತಮ್ಮಾ. ಏಟು ಮರೆಯಲ್ಲ."

ಅವನ ಕೈಯಲ್ಲಿ ಹಾಡು ಮಿಸಿಸಿಪಿ, ಅರ್ಕಾನ್ಸಾ ದಾಟಿ ಹೋಯಿತು. ಡೆಸ್ಮಾರ್ ಗೋದಾಮಿನ ಕೆಲಸ ಬಿಟ್ಟ, ಚಿನ್ನದ ಹಲ್ಲು ಕಟ್ಟಿಸಿಕೊಂಡ. ಲವೆಲ್‌ಗೂ ಒಂದು ಕಟ್ಟಿಸಿಕೊಟ್ಟ. "ನಾನು ಕಿತ್ತಿದ್ದು, ನಾನೇ ನೆಡ್ತೀನಿ," ಎಂದು ನಕ್ಕ.

ಆ ಚಳಿಗಾಲದ ಒಂದು ಭಾನುವಾರ ಸಂಜೆ ಊರಿನ ಸ್ಕೇಟಿಂಗ್ ಹಾಲಿನಲ್ಲಿ ಜನವೋ ಜನ. ಕಾಲಿಗೆ ಗಾಲಿ ಕಟ್ಟಿಕೊಂಡ ಹುಡುಗ ಹುಡುಗಿಯರು ಸುತ್ತು ಹೊಡೆಯುತ್ತಿದ್ದರು. ಹಾಡು ಹಾಕುವವನ ಮೇಜಿನ ಹತ್ತಿರ ಲವೆಲ್ ನಿಂತಿದ್ದ. ತನ್ನ ಹಾಡು ಹಾಕೆಂದು ಅವನೇ ಕೇಳಿ ಹಾಕಿಸಿದ್ದ. ಡ್ರಮ್ಮಿನ ಏಟು ಬಿದ್ದಿತು. ಉತ್ತರ ಮೆಂಫಿಸ್ಸಿನ ಹುಡುಗರ ಗುಂಪೂ ಆರೆಂಜ್ ಮೌಂಡ್ ಕಡೆಯವರ ಗುಂಪೂ ಢಿಕ್ಕಿ ಹೊಡೆದವು. ಗಾಲಿಯ ಮೇಲಿನ ಜನ ಒಬ್ಬರ ಮೇಲೊಬ್ಬರು ಉರುಳಿದರು. ನಡುವೆ ಯಾರೋ ಕಿರುಚಿಕೊಂಡರು. ಹಾಡು ಹಾಕುವವನು ಹೆದರಿ ಗುಂಡಿಗೆ ಕೈ ಚಾಚಿದ.

ಲವೆಲ್ ಅವನ ಮಣಿಕಟ್ಟು ಹಿಡಿದುಕೊಂಡ. "ಇನ್ನೊಂದ್ಸಲ ಪಲ್ಲವಿ ಬರ್ಲಿ ತಡಿಯೋ."

ಪಲ್ಲವಿ ಬಂತು. ಆಮೇಲೆ ದೀಪ ಹಾಕಿದಾಗ ನೆಲದ ಮೇಲೆ ಒಬ್ಬ ಹುಡುಗ ಏಳದೆ ಬಿದ್ದಿದ್ದ. ಹಳದಿ ಟೋಪಿ ಪಕ್ಕದಲ್ಲಿತ್ತು. ಹಿಂದಲೆಯ ಮೇಲೆ ಗಾಲಿಗಳು ಹರಿದಿದ್ದವು. ಹೆಸರು ಟೋಬಿಯಾಸ್ ಕ್ರೆನ್‌ಶಾ, ಉತ್ತರ ಮೆಂಫಿಸ್ಸಿನವನು. ಜಗಳಕ್ಕೂ ಅವನಿಗೂ ಸಂಬಂಧವಿರಲಿಲ್ಲ, ತನ್ನ ಹುಡುಗಿಗೆ ಸ್ಕೇಟಿಂಗ್ ಕಲಿಸಲು ಬಂದಿದ್ದನಂತೆ. ಆಸ್ಪತ್ರೆ ಸೇರುವ ಮೊದಲೇ ಜೀವ ಹೋಯಿತು.

ಲವೆಲ್ ಆ ವಾರ ಸರಿಯಾಗಿ ಉಣ್ಣಲಿಲ್ಲ. ಆದರೆ ಊಟ ಬಿಟ್ಟವನು ಬೀಟು ಬಿಡಲಿಲ್ಲ. ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೊಸದೊಂದನ್ನು ಕಟ್ಟುತ್ತಿದ್ದ. ರೋಸ್ಕೋ ಬಂದು ಅದನ್ನು ಕೇಳಿ ಕಣ್ಣು ಮುಚ್ಚಿದ.

"ಆ ಹುಡುಗನ ಹೆಸರು ಇದಕ್ಕೆ ಹಾಕು," ಎಂದ.

ಡೆಸ್ಮಾರ್ ಕುರ್ಚಿಯಿಂದ ಎದ್ದೇಬಿಟ್ಟ. "ಸತ್ತವನ ಹೆಸರು ಬೇಡ ಅಣ್ಣಾ. ಅವನಿಗೂ ಅಮ್ಮ ಅಂತ ಒಬ್ಳು ಇರ್ತಾಳೆ."

"ಊರೆಲ್ಲಾ ಅದನ್ನೇ ಮಾತಾಡ್ತಿದೆ. ನಾವು ಹಾಡದಿದ್ರೆ ಅವರ ಕಡೆಯವರು ನಮ್ಮ ಮೇಲೆ ಹಾಡ್ತಾರೆ," ಎಂದ ರೋಸ್ಕೋ. ಅವನು ಡೆಸ್ಮಾರ್‌ನತ್ತ ನೋಡಲಿಲ್ಲ, ಲವೆಲ್‌ನನ್ನೇ ನೋಡುತ್ತಿದ್ದ. ಯಾರಲ್ಲಿ ಹಸಿವಿದೆ ಎಂಬುದು ಅವನಿಗೆ ಗೊತ್ತಿತ್ತು.

ಸಾಲು ಲವೆಲ್‌ನ ಬಾಯಿಗೆ ತಾನಾಗಿ ಬಂತು. ಬೀಟಿನ ಮೇಲೆ ಬೆರಳಿನಿಂದ ಬಡಿಯುತ್ತ ಹೇಳಿದ:

"ಬಿದ್ದ ಟೋಬಿಯಾಸ್, ತಾಳ ತಪ್ಪಲಿಲ್ಲ,
ಉರುಳ್ತು ಗಾಲಿ, ಅವನು ಏಳಲಿಲ್ಲ."

ಕೆಟ್ಟ ಮಾತೆಂದು ಮೂವರಿಗೂ ಗೊತ್ತಿತ್ತು. ಒಳ್ಳೆಯ ಸಾಲೆಂದೂ ಗೊತ್ತಿತ್ತು. ಡೆಸ್ಮಾರ್ ತಲೆಯಾಡಿಸುತ್ತಲೇ ಇದ್ದ, ಆದರೆ ಅವನ ಪಾದ ನೆಲದ ಮೇಲೆ ತಾಳ ಹಾಕತೊಡಗಿತ್ತು.

"ನಿನ್ನ ಬಾಯಿಗೆ ಹುಳ ಬೀಳ," ಎಂದ ಕೊನೆಗೆ. ಎಂದು, ಗೂಡಿನೊಳಗೆ ಹೋಗಿ ನಿಂತ.

ಹಾಡು ಬೆಂಕಿಯ ಹಾಗೆ ಹರಡಿತು. ಉತ್ತರ ಮೆಂಫಿಸ್ಸಿನಲ್ಲಿ ಡೆಸ್ಮಾರ್‌ನ ಚಿತ್ರವಿದ್ದ ಪೋಸ್ಟರುಗಳಿಗೆ ಗುಂಡು ಹೊಡೆದರು. ಅವನ ಕಾರಿನ ಗಾಜು ಪುಡಿಮಾಡಿದರು. ಈ ಕಡೆಯವರು ಹೋಗಿ ಅಲ್ಲಿಯ ಇಬ್ಬರ ಕಾಲು ಮುರಿದು ಬಂದರು. ಪ್ರತಿ ಏಟಿಗೂ ಹಾಡು ಇನ್ನಷ್ಟು ದೂರ ಹೋಗುತ್ತಿತ್ತು.

ಟೋಬಿಯಾಸ್‌ಗೆ ಹಾಲಿಸ್ ಎಂಬ ಅಣ್ಣನಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ಗುಂಪು ಗಲಾಟೆಗೆ ಹೋದವನಲ್ಲ. ವಸಂತದ ಒಂದು ಶನಿವಾರ ಮಧ್ಯಾಹ್ನ ಅವನು ಕ್ಲಿಯೋರಾಳ ಪಾರ್ಲರಿಗೆ ಬಂದ. ಮರುದಿನ ಈಸ್ಟರ್. ಕುರ್ಚಿಗಳೆಲ್ಲ ಭರ್ತಿ, ಹೆಂಗಸರ ತಲೆ ತುಂಬ ಸುರುಳಿ. ಕೆಲಸದ ಸಮವಸ್ತ್ರದಲ್ಲಿದ್ದ ಹಾಲಿಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಚೆನ್ನಾಗಿದ್ದೀರಾಮ್ಮಾ ಎಲ್ರೂ? ಹಾಡೋರು ಒಳಗಿದ್ದಾರಾ?"

ಅಷ್ಟು ವಿನಯದಿಂದ ಕೇಳಿದವನಿಗೆ ಇಲ್ಲ ಎನ್ನುವುದು ಹೇಗೆ? ಒಬ್ಬಾಕೆ ಹಿಂದಿನ ಬಾಗಿಲು ತೋರಿಸಿದಳು.

ಒಳಗೆ ರೆಕಾರ್ಡಿಂಗ್ ನಡೆದಿತ್ತು, ಟೇಪು ಓಡುತ್ತಿತ್ತು. ಡೆಸ್ಮಾರ್ ಗೂಡಿನಲ್ಲಿ, ಲವೆಲ್ ಮಶೀನಿನ ಮುಂದೆ. ಬಂದವನು ಬಾಗಿಲು ಮುಚ್ಚಿ, ಸಮವಸ್ತ್ರದ ಜೇಬಿನಿಂದ ಪಿಸ್ತೂಲು ತೆಗೆದ.

"ನಾನು ಟೋಬಿಯಾಸ್ ಅಣ್ಣ," ಎಂದ. "ಆ ಸಾಲು ಹೇಳು."

ಡೆಸ್ಮಾರ್ ಕೈ ಮೇಲೆತ್ತಿದ. "ಅಣ್ಣಾ..."

"ಊರಿಗೆಲ್ಲಾ ಹೇಳಿದ್ದೀಯ. ನನ್ನ ಮುಂದೂ ಹೇಳು. ನಿನ್ನ ಬಾಯಲ್ಲೇ ಕೇಳ್ಬೇಕು."

"ನಾನು ಬರ್ದಿಲ್ಲ ಅಣ್ಣಾ!" ಡೆಸ್ಮಾರ್‌ನ ದೊಡ್ಡ ಗಂಟಲು ಮಗುವಿನದರಂತಾಯಿತು. "ಇವನು ಬರ್ದಿದ್ದು. ದೇವರಾಣೆ, ಇವನೇ. ನಾನು ಬೇಡ ಅಂದೆ. ನಾನು ಬರೀ ಬಾಯಿ ಅಷ್ಟೇ. ಕೇಳು ಬೇಕಾದ್ರೆ, ಇವನನ್ನೇ ಕೇಳು!"

ಹಾಲಿಸ್ ಲವೆಲ್‌ನತ್ತ ತಿರುಗಿದ. "ಹೌದೇನೋ?"

ಇಷ್ಟು ದಿನ ಮಾತು ಎಂದರೆ ಬಾಯಿ ತೆರೆದರೆ ಉದುರುತ್ತಿತ್ತು ಲವೆಲ್‌ಗೆ. ಈಗ ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಪಿಸ್ತೂಲಿನ ನಳಿಗೆ ಅವನ ಬಲಗಿವಿಯ ಹತ್ತಿರ ಬಂತು. ತಣ್ಣಗಿತ್ತು. ಹಾಲಿಸ್‌ನ ಕೈಯಿಂದ ಗ್ರೀಸಿನ ವಾಸನೆ ಬರುತ್ತಿತ್ತು.

ಆಗ ಡೆಸ್ಮಾರ್ ಹಾರಿದ. ಯಾಕೆ ಹಾರಿದ, ಅರೆಗಳಿಗೆಯ ಹಿಂದೆ ಬೆರಳು ತೋರಿಸಿದವನು? ಲವೆಲ್‌ಗೆ ಮುಂದೆಂದೂ ಅದು ಬಗೆಹರಿಯಲಿಲ್ಲ. ಗೂಡಿನ ಕೌದಿ ಕಿತ್ತುಕೊಂಡು ಆ ದೊಡ್ಡ ಮೈ ಹಾಲಿಸ್‌ನ ಮೇಲೆ ಬಿತ್ತು. ಮೊದಲ ಗುಂಡು ಲವೆಲ್‌ನ ಕಿವಿಯ ಪಕ್ಕದಲ್ಲೇ ಸಿಡಿದು ಗೋಡೆಗೆ ಹೋಯಿತು. ತಲೆಯೊಳಗೆ ಬಿಳಿಯ ಬೆಂಕಿ ಹೊತ್ತಿದಂತಾಗಿ ಅವನು ಕುಸಿದ. ಆಮೇಲಿನ ಎರಡು ಗುಂಡು ಅವನಿಗೆ ಕೇಳಿಸಲಿಲ್ಲ, ನೆಲ ಅದುರಿದ್ದರಿಂದ ತಿಳಿಯಿತು. ಎರಡೂ ಡೆಸ್ಮಾರ್‌ನ ಎದೆಗೆ ಹೋಗಿದ್ದವು.

ಬಾಗಿಲು ಒದ್ದು ಕ್ಲಿಯೋರಾ ಬಂದಳು. ಒಲೆಯಿಂದ ತೆಗೆದ ಬಾಚಣಿಗೆ ಕೈಯಲ್ಲೇ ಇತ್ತು. ಅದನ್ನು ಹಾಲಿಸ್‌ನ ಮಣಿಕಟ್ಟಿಗೆ ಒತ್ತಿ ಹಿಡಿದಳು. ಚರ್ಮ ಚುರ್ರೆಂದಿತು, ಪಿಸ್ತೂಲು ಬಿತ್ತು. ಸುರುಳಿ ಕಟ್ಟಿಕೊಂಡ ಹೆಂಗಸರು ಒಳನುಗ್ಗಿ ಅವನನ್ನು ನೆಲಕ್ಕೆ ಕೆಡವಿ ಮೇಲೆ ಕೂತರು. ಅವನು ಬಿಡಿಸಿಕೊಳ್ಳಲು ನೋಡಲಿಲ್ಲ. ಬೆಂದ ಕೈಯನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದ.

ಲವೆಲ್ ತೆವಳಿಕೊಂಡು ಹೋಗಿ ಡೆಸ್ಮಾರ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಡೆಸ್ಮಾರ್‌ನ ತುಟಿ ಅಲುಗುತ್ತಿತ್ತು, ಏನೋ ಹೇಳುತ್ತಿದ್ದ. ಲವೆಲ್‌ನ ಎರಡು ಕಿವಿಯಲ್ಲೂ ಜೀರುಂಡೆ ಕೂಗಿದಂಥ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. "ಜೋರಾಗಿ ಹೇಳೋ, ಕೇಳಿಸ್ತಿಲ್ಲ, ಜೋರಾಗಿ ಹೇಳು!" ಎಂದು ಅರಚಿದ. ತನ್ನ ಅರಚಾಟವೂ ಅವನಿಗೆ ಕೇಳಿಸಲಿಲ್ಲ. ತುಟಿ ನಿಂತುಹೋಯಿತು.

ರೆಕಾರ್ಡರಿನಲ್ಲಿ ಕ್ಯಾಸೆಟ್ ಇನ್ನೂ ತಿರುಗುತ್ತಿತ್ತು. ಪೊಲೀಸರು ಬರುವ ಮೊದಲು ಅವನು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡ. ಡೆಸ್ಮಾರ್ ಗೋಗರೆದದ್ದನ್ನು ಪೊಲೀಸರು ಕೇಳಿ ನಗುವುದು ಅವನಿಗೆ ಬೇಕಿರಲಿಲ್ಲ.

ಲವೆಲ್‌ನ ಎಡಗಿವಿ ಕೆಲವು ದಿನಗಳಲ್ಲಿ ಮತ್ತೆ ಕೇಳತೊಡಗಿತು. ಬಲಗಿವಿ ಸತ್ತಿತು ಎಂದರು ಡಾಕ್ಟರು.

ಡೆಸ್ಮಾರ್‌ನ ತಾಯಿ ಅರ್ನೆಸ್ಟೀನ್ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದಳು. ಮಗನಿಗೆ ಆ ಭುಜ ಎಲ್ಲಿಂದ ಬಂತೆಂದು ಅವಳನ್ನು ನೋಡಿದರೆ ಗೊತ್ತಾಗುತ್ತಿತ್ತು. ಮಣ್ಣು ಮಾಡಿದ ಮರುದಿನ ಲವೆಲ್ ಹೋಗಿ ಕ್ಯಾಸೆಟ್ಟನ್ನು ಅವಳ ಕೈಯಲ್ಲಿಟ್ಟ. "ಒಬ್ರೇ ಕೇಳ್ಬೇಡಿ ಅಮ್ಮ," ಎಂದಷ್ಟೇ ಹೇಳಿದ. ಅವಳು ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು, ಯಾಕೆಂದು ಕೇಳಲಿಲ್ಲ.

ಆದರೆ ಗುಂಡು ಸಿಡಿದಾಗ ಟೇಪು ಓಡುತ್ತಿತ್ತೆಂಬುದು ಪಾರ್ಲರಿನ ಹೆಂಗಸರಿಗೆ ಗೊತ್ತಿತ್ತು. ಪಾರ್ಲರಿಗೆ ಗೊತ್ತಾದದ್ದು ಊರಿಗೆ ಗೊತ್ತಾಗದೆ ಇರುತ್ತದೆಯೇ? ರೋಸ್ಕೋ ಲವೆಲ್‌ನನ್ನು ಕಾರು ತೊಳೆಯುವ ಅಂಗಡಿಗೆ ಕರೆಸಿಕೊಂಡ. ಮಧ್ಯಾಹ್ನದ ಬಿಸಿಲು, ಸೋಪಿನ ನೊರೆ, ಗಿರಗಿರ ಸುತ್ತುವ ಬ್ರಷ್ಷುಗಳ ಗದ್ದಲ.

"ಟೇಪ್ ಕೊಡು ತಮ್ಮಾ," ಎಂದ ರೋಸ್ಕೋ. "ಅವನ ಕೊನೇ ಹಾಡು. ಮೊದಲು ಅವನ ಗಂಟಲು, ಆಮೇಲೆ ಗುಂಡು. ಇಂಥಾದ್ದು ಯಾರ ಹತ್ರಾನೂ ಇಲ್ಲ."

"ಅದರಲ್ಲಿ ಹಾಡಿಲ್ಲ ಅಣ್ಣಾ. ಅತ್ತಿದ್ದಾನೆ."

"ಅತ್ತಿದ್ದನ್ನ ಕತ್ತರಿಸಿದ್ರಾಯ್ತು. ನಿನಗೆ ನಾನು ಹೇಳ್ಕೊಡ್ಬೇಕಾ?"

"ಕೊಡಲ್ಲ."

ದಾಂಡಿಗರು ಅವನ ಎಡಗೈ ಹಿಡಿದು ಕಾರಿನ ಬಾಗಿಲ ಸಂದಿಗೆ ಇಟ್ಟರು. ಒಬ್ಬ ಬಾಗಿಲು ದೂಡಿದ. ಕಿರುಬೆರಳು ಒಣ ಕಡ್ಡಿಯಂತೆ ಲಟಕ್ಕೆಂದಿತು. ಕೊಡುತ್ತೀಯಾ ಎಂದು ಕೇಳಿದರು. ಇಲ್ಲ ಎಂದ. ಮತ್ತೆ ಬಾಗಿಲು. ಪಕ್ಕದಲ್ಲಿ ಕಾರು ಒರೆಸುತ್ತಿದ್ದವರು ಮುಖ ಆ ಕಡೆ ತಿರುಗಿಸಿಕೊಂಡು ಒರೆಸುತ್ತಲೇ ಇದ್ದರು. ತಾಳ ಬಡಿಯುವ ತೋರುಬೆರಳನ್ನು ಸಂದಿಗೆ ಇಟ್ಟಾಗ ಲವೆಲ್‌ನ ಧೈರ್ಯ ಮುಗಿಯಿತು.

"ಅರ್ನೆಸ್ಟೀನಮ್ಮನ ಹತ್ರ ಇದೆ!" ಎಂದು ಕೂಗಿಬಿಟ್ಟ. ಕೂಗಿದ ಮೇಲೆ ಅವನಿಗೆ ಡೆಸ್ಮಾರ್ ಬೆರಳು ತೋರಿಸಿದ್ದು ನೆನಪಾಯಿತು. ಹೀಗೇ ಇರುತ್ತದಲ್ಲವೇ ಅದು, ಅಂದುಕೊಂಡ. ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಅವನನ್ನೂ ಕಾರಿಗೆ ತುರುಕಿಕೊಂಡು ಅರ್ನೆಸ್ಟೀನಳ ಮನೆಗೆ ಹೋದರು. ಅವಳು ಹಿತ್ತಲಿನ ಜಗಲಿಯಲ್ಲಿ ಗ್ಯಾಸ್ ಒಲೆಯ ಮೇಲೆ ದೊಡ್ಡ ಕಬ್ಬಿಣದ ಬಾಣಲೆ ಇಟ್ಟು ಕ್ಯಾಟ್‌ಫಿಶ್ ಕರಿಯುತ್ತಿದ್ದಳು. ಸಾವಿನ ಮನೆಗೆ ಇನ್ನೂ ಜನ ಬರುತ್ತಿದ್ದರು, ಬಂದವರಿಗೆ ಊಟ ಹಾಕಬೇಕಲ್ಲ. ಜೋಳದ ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಳ್ಳದೆ ಅವಳು ಮೊದಲು ಲವೆಲ್‌ನ ಕೈ ನೋಡಿದಳು. ಊದಿ ಕಪ್ಪಗಾಗಿತ್ತು.

"ಯಾರು ಮಾಡಿದ್ದು?"

ಲವೆಲ್ ನೆಲ ನೋಡಿದ. "ಅಮ್ಮಾ, ನಾನು ಹೇಳ್ಬಿಟ್ಟೆ. ಕ್ಷಮಿಸಿ."

ರೋಸ್ಕೋ ಮೆಟ್ಟಿಲು ಹತ್ತಿ ಬಂದು, ಹ್ಯಾಟು ತೆಗೆದ. "ಅಮ್ಮ, ನಿಮ್ಮ ದುಃಖ ನಂಗೆ ಅರ್ಥ ಆಗುತ್ತೆ. ನಿಮ್ಮ ಮಗನ ಹೆಸರು ಉಳೀಬೇಕು ಅನ್ನೋದೇ ನನ್ನ ಆಸೆ. ಆ ಟೇಪ್ ಕೊಟ್ರೆ ದೇಶವೆಲ್ಲಾ ಅವನ ಹೆಸರು ಹೇಳುತ್ತೆ."

"ಅದರಲ್ಲಿ ಏನಿದೆ?"

"ಅವನ ಕೊನೇ ಮಾತಿದೆ. ಗುಂಡಿನ ಸದ್ದಿದೆ. ಎಲ್ಲಾ ನಿಜವಾದ್ದು."

"ನನ್ನ ಮಗ ಸಾಯೋ ಸದ್ದು ಹಾಕ್ಕೊಂಡು ಜನ ಕಾರಲ್ಲಿ ತಿರುಗ್ತಾರಾ?"

"ತಿರುಗ್ತಾರಮ್ಮ," ಎಂದ ರೋಸ್ಕೋ. ಹೆಮ್ಮೆಯಿಂದಲೇ ಹೇಳಿದ, ಆಕೆಗೆ ಸಂತೋಷವಾದೀತು ಎಂದುಕೊಂಡಿದ್ದನೋ ಏನೋ. "ಒಂದೊಂದು ಕಾರಲ್ಲೂ."

ಅರ್ನೆಸ್ಟೀನ್ ಏಪ್ರನ್ನಿನ ಅಂಚನ್ನು ಎರಡೂ ಕೈಗೆ ಸುತ್ತಿಕೊಂಡಳು. ಮೀನು ತೆಗೆಯುತ್ತಾಳೆ ಎಂದುಕೊಂಡರು ಎಲ್ಲರೂ. ಬಾಣಲೆಯ ಹಿಡಿ ಹಿಡಿದು, ಒದ್ದೆ ಚಾದರಗಳ ರಾಶಿ ಎತ್ತಿ ಅಭ್ಯಾಸವಾದ ತೋಳಿನಿಂದ, ಕುದಿಯುವ ಎಣ್ಣೆಯನ್ನು ಮೀನಿನ ಸಮೇತ ರೋಸ್ಕೋನ ಮುಖಕ್ಕೆ ಎರಚಿದಳು.

ಅವನ ಕೂಗು ಲವೆಲ್‌ನ ಸತ್ತ ಕಿವಿಗೂ ಮುಟ್ಟಿದಂತಾಯಿತು. ರೋಸ್ಕೋ ಮೆಟ್ಟಿಲಿನಿಂದ ಉರುಳಿ, ಹುಲ್ಲಿನ ಮೇಲೆ ಹೊರಳಾಡಿದ. ರೇಷ್ಮೆ ಅಂಗಿ ಎದೆಗೆ ಅಂಟಿಕೊಂಡಿತ್ತು. ದಾಂಡಿಗರಲ್ಲಿ ಒಬ್ಬ ಸೊಂಟಕ್ಕೆ ಕೈ ಹಾಕಿದ. ಅರ್ನೆಸ್ಟೀನ್ ಖಾಲಿ ಬಾಣಲೆಯಿಂದ ಅವನ ಕೆನ್ನೆಗೆ ಬೀಸಿದಳು. ಕಬ್ಬಿಣ ಮೂಳೆಗೆ ತಗುಲಿದ ಸದ್ದಿಗೆ ಅಕ್ಕಪಕ್ಕದ ಹಿತ್ತಲುಗಳಿಂದ ಜನ ಹೊರಬಂದರು. ಒಬ್ಬ ಮುದುಕ ಬಂದೂಕು ಹಿಡಿದೇ ಬಂದ. ಉಳಿದೊಬ್ಬ ದಾಂಡಿಗ ಯಜಮಾನನನ್ನು ಎತ್ತಿಕೊಂಡು ಓಡಿದ, ಪೆಟ್ಟು ತಿಂದವನೂ ಕೆನ್ನೆ ಹಿಡಿದುಕೊಂಡು ಹಿಂದೆಯೇ ಓಡಿದ.

ಅವಳು ಲವೆಲ್‌ನನ್ನು ಮೆಟ್ಟಿಲ ಮೇಲೆ ಕೂರಿಸಿ, ಬೆರಳುಗಳಿಗೆ ಬಟ್ಟೆ ಸುತ್ತತೊಡಗಿದಳು. ಅವಳ ಕೈಮೇಲೂ ಎಣ್ಣೆ ಸಿಡಿದು ಬೊಬ್ಬೆ ಎದ್ದಿದ್ದವು.

"ಈಗ ನೀನು ಹೇಳು," ಎಂದಳು. "ಅದರಲ್ಲಿ ಏನಿದೆ?"

"ಮೊದಲು ಹೆದರ್ಕೊಂಡ ಅಮ್ಮ. ನನ್ನ ಕಡೆ ಬೆರಳು ತೋರಿಸಿದ. ತೋರಿಸಿದ್ದು ಸುಳ್ಳೇನಲ್ಲ, ಆ ಸಾಲು ನಾನೇ ಬರ್ದಿದ್ದು. ಆಮೇಲೆ... ಆಮೇಲೆ ನನಗೆ ಬೀಳ್ಬೇಕಾದ ಗುಂಡಿಗೆ ಅಡ್ಡ ಬಂದ."

ಅರ್ನೆಸ್ಟೀನ್ ಬಟ್ಟೆಯ ಗಂಟು ಬಿಗಿದಳು.

"ಎರಡೂ ಅವನೇ," ಎಂದಳು. "ಚಿಕ್ಕೋನಿದ್ದಾಗ್ಲೂ ಹಂಗೇ. ತಟ್ಟೆ ಒಡೆದು ತಂಗಿ ಮೇಲೆ ಹೇಳೋನು, ತಂಗಿಗೆ ಹೊಡೆಯೋಕೆ ಹೋದ್ರೆ ಓಡಿ ಬಂದು ಬೆನ್ನು ಕೊಡೋನು."

ಕ್ಯಾಸೆಟ್ಟನ್ನು ಅವಳೇ ಒಯ್ದು ಸರ್ಕಾರಿ ವಕೀಲರಿಗೆ ಕೊಟ್ಟಳು. ಯಾರೋ ಕತ್ತರಿಸಿ ಮಾರುವುದಕ್ಕಿಂತ ಪೂರ್ತಿ ಕೇಳುವುದು ಮೇಲು ಎಂದಳು. ವಿಚಾರಣೆಯ ದಿನ ಅದನ್ನು ಕೋರ್ಟಿನಲ್ಲಿ ಹಾಕಿದರು. ಮೊದಲು ಬೀಟು ಬಂತು. ಅಲ್ಲಿ ಕೂತ ಒಬ್ಬಿಬ್ಬರ ತಲೆ ಅರಿವಿಲ್ಲದೆ ಅಲುಗಿದ್ದನ್ನು ಲವೆಲ್ ನೋಡಿದ. ಆಮೇಲೆ ಬಾಗಿಲು, ಮಾತು, ಗೋಗರೆತ, ಗುಂಡು. ಕೊನೆಯಲ್ಲಿ, ಸದ್ದೆಲ್ಲ ಅಡಗಿದ ಮೇಲೆ, ಲವೆಲ್‌ಗೆ ಅಂದು ಕೇಳಿಸದೆ ಹೋದದ್ದು ಬಂತು. ಅವನ ಅರಚಾಟದ ಕೆಳಗೆ ಡೆಸ್ಮಾರ್‌ನ ಗಂಟಲು ತೆಳ್ಳಗೆ ಕೇಳುತ್ತಿತ್ತು. "ಅಮ್ಮಂಗೆ ಹೇಳ್ಬೇಡ," ಎನ್ನುತ್ತಿದ್ದ. ಎರಡು ಸಲ ಹೇಳಿದ.

ಅರ್ನೆಸ್ಟೀನ್ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಅಲುಗಲಿಲ್ಲ. ಆಚೆ ಬದಿಯ ಬೆಂಚಿನಲ್ಲಿ, ಚರ್ಚಿಗೆ ಹೋಗುವ ಹ್ಯಾಟು ಹಾಕಿಕೊಂಡ ಒಣಕಲು ಹೆಂಗಸೊಬ್ಬಳು ಕರವಸ್ತ್ರ ಕಚ್ಚಿಕೊಂಡು ಕೂತಿದ್ದಳು. ಅವಳು ಟೋಬಿಯಾಸ್‌ನ ತಾಯಿ, ಹಾಲಿಸ್‌ನ ತಾಯಿ.

ಹಾಲಿಸ್‌ಗೆ ಇಪ್ಪತ್ತೈದು ವರ್ಷ ಶಿಕ್ಷೆಯಾಯಿತು. ಹೊರಗೆ ಪಡಸಾಲೆಯಲ್ಲಿ ಆ ತಾಯಿ ಲವೆಲ್‌ನ ಎದುರಿಗೆ ಬಂದು ನಿಂತಳು.

"ಸಾಲು ಬರ್ದೋನು ನೀನೇ ಅಲ್ವಾ? ಒಬ್ಬನನ್ನ ಮಣ್ಣಿಗೆ ಹಾಕ್ದೆ, ಒಬ್ಬನನ್ನ ಜೈಲಿಗೆ ಹಾಕ್ದೆ. ಇನ್ನೂ ಯಾರಾದ್ರೂ ಬೇಕಾ ನಿಂಗೆ? ನಮ್ಮನೇಲಿ ನಾನೊಬ್ಳು ಉಳ್ಕೊಂಡಿದ್ದೀನಿ, ನನ್ನ ಮೇಲೂ ಬರೀತೀಯಾ?"

ಅವಳು ಹೊಡೆದಳು. ಬಲಗೆನ್ನೆಗೆ, ಮತ್ತೆ ಬಲಗೆನ್ನೆಗೆ. ಆ ಕಡೆಯ ಕಿವಿಗೆ ಸದ್ದಿರಲಿಲ್ಲ, ಮುಖ ಮಾತ್ರ ತಿರುಗುತ್ತಿತ್ತು. ಪೊಲೀಸಿನವನೊಬ್ಬ ತಡೆಯಲು ಹೆಜ್ಜೆ ಇಟ್ಟಾಗ ಅರ್ನೆಸ್ಟೀನ್ ಅವನ ತೋಳು ಹಿಡಿದು ನಿಲ್ಲಿಸಿದಳು. "ಬಿಡಪ್ಪ, ಹೊಡೀಲಿ," ಎಂದಳು. ಲವೆಲ್ ಕೈ ಅಡ್ಡ ಹಿಡಿಯಲಿಲ್ಲ. ಆ ತಾಯಿಗೆ ಕೈ ಸೋತ ಮೇಲೆ ಅರ್ನೆಸ್ಟೀನ್ ಅವಳನ್ನು ಬೆಂಚಿಗೆ ಕರೆದೊಯ್ದು ಕೂರಿಸಿದಳು, ತಾನೂ ಪಕ್ಕದಲ್ಲಿ ಕೂತಳು.

ಲವೆಲ್ ಮೆಂಫಿಸ್ ಬಿಟ್ಟು ಅಟ್ಲಾಂಟಾಕ್ಕೆ ಹೋದ. ಬೇರೆ ಕಸುಬು ಗೊತ್ತಿರಲಿಲ್ಲ. ಸೊಟ್ಟಗಾದ ಎರಡು ಬೆರಳು, ಒಂದು ಕಿವಿ ಇಟ್ಟುಕೊಂಡೇ ಮತ್ತೆ ಬೀಟು ಕಟ್ಟಿದ. ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಊರಿ, ಮರ ಅದುರುವುದರಿಂದಲೇ ಕೆಳದನಿಯ ಡ್ರಮ್ಮಿನ ತೂಕ ಅಳೆಯುತ್ತಿದ್ದ. ಅದರಿಂದಲೋ ಏನೋ, ಅವನ ಡ್ರಮ್ಮು ಮೊದಲಿಗಿಂತ ಆಳಕ್ಕೆ ಹೋಯಿತು. ಬಹಳ ಹಾಡುಗಳು ಗೆದ್ದವು, ದೊಡ್ಡ ದೊಡ್ಡ ಗಾಯಕರು ಬಂದರು. ಅವನು ಸಾಧುವೇನೂ ಆಗಲಿಲ್ಲ. ಅವನ ಹಾಡುಗಳಲ್ಲಿ ಆಗಲೂ ಮೂಳೆ ಮುರಿಯುತ್ತಿತ್ತು, ಗಾಜು ಒಡೆಯುತ್ತಿತ್ತು. ಆದರೆ ಕ್ಲಬ್ಬಿಗೆ ಹೋಗಿ ಮೂಲೆಯಲ್ಲಿ ನಿಲ್ಲುವುದನ್ನು ಬಿಟ್ಟ. ಸತ್ತವರ ಹೆಸರನ್ನು ಯಾವ ಹಾಡಿಗೂ ಹಾಕಲಿಲ್ಲ.

ಡಾಂಟ್ರೆಲ್ ಎಂಬ ಹೊಸ ಗಾಯಕ ಒಂದು ದಿನ ಬಂದ. ಜೊತೆಗೆ ಅವನ ಬಳಗವೂ ಬಂತು. ಬೀಟು ಕೇಳಿ ಕುಣಿದುಬಿಟ್ಟ. ಗಾಜಿನ ಕೋಣೆಗೆ ಹೋಗಿ ಎರಡನೆಯ ಚರಣಕ್ಕೆ ಬಂದಾಗ ಒಂದು ಹೆಸರು ಹೇಳಿದ. ಹಿಂದಿನ ತಿಂಗಳು ಸಿಗ್ನಲ್ಲಿನಲ್ಲಿ ಗುಂಡೇಟಿಗೆ ಸತ್ತ ಹುಡುಗನದು. ಲವೆಲ್ ಮಶೀನು ನಿಲ್ಲಿಸಿದ.

"ಆ ಹೆಸರು ತೆಗಿ."

"ಯಾಕಣ್ಣಾ? ಸಾಲು ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದಕ್ಕೇ ತೆಗಿ."

"ಅವನೇನು ನಿನ್ನ ಭಾವನಾ?" ಬಳಗದವರು ನಕ್ಕರು.

"ಹೆಸರಿದ್ರೆ ಬೀಟು ನಿಂಗಿಲ್ಲ. ಎದ್ದು ನಡಿ."

ಡಾಂಟ್ರೆಲ್‌ನ ಕಡೆಯವನೊಬ್ಬ ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟ. ಲವೆಲ್ ಅದನ್ನು ನೋಡಿದ, ಕೈ ಚಾಚಿ ಬೀಟಿದ್ದ ಡಿಸ್ಕನ್ನು ಮಶೀನಿನಿಂದ ತೆಗೆದು ಎರಡು ತುಂಡು ಮಾಡಿದ. ಪಿಸ್ತೂಲಿನ ಹಿಡಿಯಿಂದ ಅವನ ನೆತ್ತಿಗೆ ಬಿತ್ತು. ಕೆಳಗೆ ಬಿದ್ದವನನ್ನು ಮೂವರು ಸೇರಿ ಒದ್ದರು. ಎರಡು ಪಕ್ಕೆಲುಬು ಹೋದವು, ತಲೆಗೆ ಹೊಲಿಗೆ ಬಿದ್ದವು.

ಡಾಂಟ್ರೆಲ್ ಬೇರೆಯವರ ಹತ್ತಿರ ಹೋಗಿ ಆ ಹಾಡು ಮಾಡಿಸಿಕೊಂಡ. ಆಸ್ಪತ್ರೆಯಿಂದ ಬಂದ ಲವೆಲ್ ಒಂದು ಮಧ್ಯಾಹ್ನ ತಲೆಗೆ ಪಟ್ಟಿ ಕಟ್ಟಿಕೊಂಡೇ ಕಾರು ಓಡಿಸುತ್ತಿದ್ದ. ಸಿಗ್ನಲ್ಲಿನಲ್ಲಿ ನಿಂತಾಗ ಎಡಬದಿಗೆ ಬಂದ ಕಾರಿನಿಂದ ಆ ಹಾಡು ಕೇಳಿಸಿತು. ಸತ್ತ ಹುಡುಗನ ಹೆಸರು ಸ್ಪಷ್ಟವಾಗಿ ಬಂತು, ಸರಿಯಾದ ಜಾಗದಲ್ಲಿ ಬಿತ್ತು. ಕಾರಿನಲ್ಲಿದ್ದ ಹುಡುಗಿಯರು ಆ ಸಾಲು ಬಂದಾಗ ಒಟ್ಟಿಗೆ ಕೂಗಿದರು. ಹಾಡು ಚೆನ್ನಾಗಿತ್ತು. ಲವೆಲ್ ಗಾಜು ಮೇಲೇರಿಸಿಕೊಂಡ. ಹಸಿರು ದೀಪ ಬಂದಾಗ ಆ ಕಾರು ಮುಂದೆ ಹೋಗಲಿ ಎಂದು ತುಸು ತಡೆದು, ಬಲಕ್ಕೆ ತಿರುಗಿ ಕೆಲಸಕ್ಕೆ ಹೋದ.